ಡಾ. ಎಚ್. ನರಸಿಂಹಯ್ಯ: ಪ್ರಾಂಶುಪಾಲರ ಹುದ್ದೆ ಮತ್ತು ವಿದ್ಯಾರ್ಥಿನಿಲಯದ ಕೊಠಡಿ

ಶಿಕ್ಷಣ ತಜ್ಞರೂ ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರು ಗ್ರಾಮದ ಬಡ ಕುಟುಂಬದಲ್ಲಿ ಜನಿಸಿದರು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, 2007ರಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಮುಂತಾದ ತಾಲ್ಲೂಕುಗಳೊಂದಿಗೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರ್ಪಡೆಗೊಂಡಿತು.

ಪ್ರೌಢಶಿಕ್ಷಣಕ್ಕಾಗಿ ಅವರು 1935ರಲ್ಲಿ ಬೆಂಗಳೂರಿಗೆ ತೆರಳಿದರು. ಬಸ್ಸಿಗೆ ಹಣವಿಲ್ಲದ ಕಾರಣ ಎರಡು ದಿನ ನಡೆದೇ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ತಲುಪಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಆಶ್ರಯ ಪಡೆದರು. 1936ರಲ್ಲಿ ಶಾಲೆಗೆ ಆಗಮಿಸಿದ ಗಾಂಧೀಜಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಈ ಬಾಲಕನಿಗೆ ಒದಗಿತು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 1942ರ ಕ್ವಿಟ್ ಇಂಡಿಯಾ ಚಳವಳಿಗಾಗಿ ವ್ಯಾಸಂಗ ತೊರೆದು ಯರವಡಾ ಕಾರಾಗೃಹವೂ ಸೇರಿದಂತೆ ವಿವಿಧೆಡೆ ಸೆರೆವಾಸ ಅನುಭವಿಸಿದರು. ಬಿಡುಗಡೆಯ ನಂತರ ಸ್ನಾತಕೋತ್ತರ ಪದವಿ ಪೂರೈಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಮರಳಿದ್ದು ಅದೇ ಕಾಲೇಜಿಗೆ. 1961ರಲ್ಲಿ ಪ್ರಾಂಶುಪಾಲರಾದರು.

ಪ್ರಾಂಶುಪಾಲರ ಹುದ್ದೆಯ ನೈತಿಕ ಹೊಣೆ ದೊಡ್ಡ ಸಮಾರಂಭಗಳಲ್ಲಿ ಕಾಣುವಂಥದಲ್ಲ. ಪ್ರವೇಶಾತಿ ದಿನಗಳಲ್ಲಿ ಬರುವ ಶಿಫಾರಸು, ದಾಖಲಾತಿ ವಹಿಯಲ್ಲಿನ ಜನ್ಮ ದಿನಾಂಕ, ಹಾಜರಿಯ ಲೆಕ್ಕ, ವರ್ಗಾವಣೆ ಪ್ರಮಾಣಪತ್ರ: ಇವುಗಳಲ್ಲಿ ಅದು ದಿನವೂ ಪರೀಕ್ಷೆಗೆ ಒಳಗಾಗುತ್ತದೆ. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನೇ ನೋಡಬಹುದು. ದಿಬ್ಬೂರಹಳ್ಳಿಯ ಪೋಷಕರು ಸಲ್ಲಿಸುವ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೀಳುವುದು ಮುಖ್ಯೋಪಾಧ್ಯಾಯರು ಸಹಿ ಮಾಡಿದ ನಂತರವೇ. ವಹಿಯಲ್ಲಿ ಇಲ್ಲದ ಒಂದು ವರ್ಷವನ್ನು ಸಂಕೋಚಕ್ಕೆ ಸೇರಿಸಿದರೂ, ಎಲ್ಲೋ ಒಬ್ಬ ಅರ್ಹ ವಿದ್ಯಾರ್ಥಿಯ ಸ್ಥಾನ ತಪ್ಪಿಹೋಗುತ್ತದೆ. ಆ ವಿದ್ಯಾರ್ಥಿ ಯಾರೆಂಬುದು ಸಹಿ ಮಾಡಿದವರಿಗೆ ಎಂದೂ ತಿಳಿಯುವುದಿಲ್ಲ.

ಇಂತಹ ಸಂಕೋಚಕ್ಕೆ ಎಡೆಯಾಗದಂತೆ ನರಸಿಂಹಯ್ಯನವರ ಬದುಕಿನ ಏರ್ಪಾಡೇ ಇತ್ತು. ಅವರು ಅವಿವಾಹಿತರಾಗಿ ಉಳಿದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ವಾಸಿಸಿದರು. ಖಾದಿ ಉಡುಪು, ಗಾಂಧಿ ಟೋಪಿ, ವಿದ್ಯಾರ್ಥಿನಿಲಯದ ಊಟ. ಹುದ್ದೆ ಏರಿದರೂ ಖರ್ಚಿನ ಬಾಬುಗಳು ಏರಲಿಲ್ಲ. ಅಗತ್ಯಗಳು ಇಷ್ಟು ಕಡಿಮೆ ಇರುವವರ ಮೇಲೆ ಹಂಗು ಹೊರಿಸುವುದು ಸುಲಭವಲ್ಲ. ಸಂಸಾರಸ್ಥರಾದ ಮುಖ್ಯೋಪಾಧ್ಯಾಯರಿಂದ ಇಂತಹ ಜೀವನವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಆದರೆ ವಹಿಯಲ್ಲಿ ಇರುವುದನ್ನು ಇರುವಂತೆ ಬರೆಯಲು ಸನ್ಯಾಸ ಬೇಕಾಗಿಲ್ಲ.

ಆಧಾರ ಕೇಳುವುದು ಅವರ ಇನ್ನೊಂದು ಅಭ್ಯಾಸ. ವಿದ್ಯಾರ್ಥಿಗಳು ಪ್ರಶ್ನಿಸುವುದನ್ನು ಅವರು ಅವಿಧೇಯತೆ ಎಂದು ಪರಿಗಣಿಸದೆ ಪ್ರೋತ್ಸಾಹಿಸಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ವಿಜ್ಞಾನಿಗಳ ಉಪನ್ಯಾಸಗಳು ಸಾರ್ವಜನಿಕರಿಗೂ ದೊರೆಯುವಂತೆ ಮಾಡಿದರು. ನಂತರ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1977ರವರೆಗೆ ಸೇವೆ ಸಲ್ಲಿಸಿದರು. ಆ ಅವಧಿಯಲ್ಲಿ, 1976ರಲ್ಲಿ, ಪವಾಡಗಳು ಹಾಗೂ ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದಾಗ ವಾದವಿವಾದಗಳು ಉಂಟಾದವು. ಹೇಳಿಕೆ ಯಾರದೇ ಆಗಿರಲಿ, ಪರಿಶೀಲಿಸದೆ ಒಪ್ಪಬಾರದೆಂಬ ನಿಲುವನ್ನು ಅವರು ಬಿಡಲಿಲ್ಲ. ದಾಖಲೆ ನೋಡಿ ಸಹಿ ಮಾಡುವ ಶಾಲಾ ಕಚೇರಿಯ ನಿಯಮವೂ ಮೂಲತಃ ಇದೇ ಆಗಿದೆ.

ತಮ್ಮ ಜಿಲ್ಲೆಯ ಮಕ್ಕಳು ಉನ್ನತ ಶಿಕ್ಷಣಕ್ಕಾಗಿ ಬೆಂಗಳೂರಿಗೇ ಬರಬೇಕಾದ ಸ್ಥಿತಿಯನ್ನು ಅವರು ಮರೆಯಲಿಲ್ಲ. ಅವರ ಶ್ರಮದಿಂದ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳು ಗೌರಿಬಿದನೂರು ಹಾಗೂ ಬಾಗೇಪಲ್ಲಿಯಲ್ಲಿ ಆರಂಭಗೊಂಡವು. ಹುಟ್ಟೂರು ಹೊಸೂರಿಗೆ ಪ್ರೌಢಶಾಲೆ ಬಂದಿತು. ಭಾರತ ಸರ್ಕಾರವು 1984ರಲ್ಲಿ ಪದ್ಮಭೂಷಣ ನೀಡಿ ಗೌರವಿಸಿತು. ಆತ್ಮಕಥೆ 'ಹೋರಾಟದ ಹಾದಿ' ಪ್ರಕಟವಾಗಿದೆ. 2005ರ ಜನವರಿ 31ರಂದು ಅವರು ನಿಧನರಾದರು.