ಕಿಡಿಯಿಂದ ಕ್ಯಾಮೆರಾವರೆಗೆ: ಹೈನ್ರಿಖ್ ಹರ್ಟ್ಸ್ ಅವರ ಬದುಕು

ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದುವವರಿಗೆ ಹರ್ಟ್ಸ್ ಎಂಬ ಹೆಸರು ಎರಡು ಕಡೆ ಸಿಗುತ್ತದೆ. ವಿದ್ಯುತ್ಕಾಂತೀಯ ತರಂಗಗಳ ಪಾಠದಲ್ಲಿ ಒಮ್ಮೆ, ವಿಕಿರಣ ಮತ್ತು ದ್ರವ್ಯದ ದ್ವಂದ್ವ ಸ್ವಭಾವದ ಪಾಠದಲ್ಲಿ ಇನ್ನೊಮ್ಮೆ. ಎರಡು ಪಾಠಗಳ ನಡುವೆ ಪರೀಕ್ಷೆಯೂ ರಜೆಯೂ ಬಂದುಹೋಗುವುದರಿಂದ, ಎರಡೂ ಕಡೆ ಬರುವವರು ಒಬ್ಬರೇ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಈ ಎರಡು ಶೋಧಗಳೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಉಪಕರಣದ ಕಿಡಿಯಿಂದ ಹುಟ್ಟಿದವು.

ಇಂದು ಕಾರ್ಖಾನೆಗಳಲ್ಲಿ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೇ, ಮಾತ್ರೆಯ ಪಟ್ಟಿಯಲ್ಲಿ ಒಂದಾದರೂ ಗೂಡು ಖಾಲಿ ಇದೆಯೇ ಎಂದು ನೋಡಲು ಕ್ಯಾಮೆರಾಗಳನ್ನು ಇಟ್ಟಿರುತ್ತಾರೆ. ಆ ಕ್ಯಾಮೆರಾ ಬೆಳಕನ್ನು ವಿದ್ಯುತ್ತಾಗಿ ಬದಲಿಸಬೇಕು. ಜೊತೆಗೆ, ತಾನು ಹೊರಬಿಡುವ ರೇಡಿಯೋ ತರಂಗಗಳಿಂದ ಬೇರೆಯವರಿಗೆ ತೊಂದರೆ ಕೊಡಬಾರದು. ಈ ಎರಡೂ ವಿಷಯಗಳ ಬೇರು 36 ವರ್ಷ ಮಾತ್ರ ಬದುಕಿದ ಈ ವಿಜ್ಞಾನಿಯ ಕೆಲಸದಲ್ಲಿದೆ.

ಬಾಲ್ಯ ಮತ್ತು ಓದು

ಹೈನ್ರಿಖ್ ಹರ್ಟ್ಸ್ ಅವರು 1857ರ ಫೆಬ್ರವರಿ 22ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಜನಿಸಿದರು. ತಂದೆ ಗುಸ್ತಾವ್ ವಕೀಲರು. ತಂದೆಯ ಕಡೆಯವರು ಮೂಲತಃ ಯಹೂದಿಗಳು, ನಂತರ ಕ್ರೈಸ್ತರಾದವರು. ಬಾಲಕ ಹೈನ್ರಿಖ್ ಭಾಷೆಗಳಲ್ಲಿ ಬಹಳ ಚುರುಕು. ಗ್ರೀಕ್, ಲ್ಯಾಟಿನ್ ಜೊತೆಗೆ ಅರಬ್ಬಿ ಮತ್ತು ಸಂಸ್ಕೃತವನ್ನೂ ಕಲಿತರು. ನಮ್ಮ ಕಾಲೇಜಿನಲ್ಲಿ ಅರಬ್ಬಿಯನ್ನೂ ವಿಜ್ಞಾನವನ್ನೂ ಒಟ್ಟಿಗೆ ಓದುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಪುಸ್ತಕದಷ್ಟೇ ಅವರಿಗೆ ಪ್ರಿಯವಾಗಿದ್ದದ್ದು ಕೈಕೆಲಸ. ಮರಗೆಲಸ ಕಲಿತರು, ಲೇತ್ ಯಂತ್ರದಲ್ಲಿ ತಿರುಗಣೆ ಕೆಲಸ ಮಾಡಿದರು, ಭಾನುವಾರಗಳಲ್ಲಿ ತಾಂತ್ರಿಕ ಚಿತ್ರರಚನೆಯ ತರಗತಿಗೆ ಹೋದರು. ಮುಂದೆ ತಮ್ಮ ಪ್ರಯೋಗದ ಉಪಕರಣಗಳಲ್ಲಿ ಹಲವನ್ನು ತಾವೇ ಮಾಡಿಕೊಳ್ಳಲು ಈ ಅಭ್ಯಾಸ ನೆರವಾಯಿತು.

ಮೊದಲು ಅವರು ಎಂಜಿನಿಯರ್ ಆಗಬೇಕೆಂದುಕೊಂಡಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಕಲಿತರು, ಡ್ರೆಸ್ಡೆನ್‌ನಲ್ಲಿ ಓದಿದರು, ಒಂದು ವರ್ಷ ಸೇನೆಯ ರೈಲ್ವೆ ದಳದಲ್ಲಿದ್ದರು. 1877ರಲ್ಲಿ ಮ್ಯೂನಿಕ್‌ಗೆ ಹೋದ ಮೇಲೆ ಮನಸ್ಸು ಬದಲಾಯಿತು. ತಂದೆಗೆ ಪತ್ರ ಬರೆದು, ಒಪ್ಪಿಗೆ ಪಡೆದು, ಭೌತಶಾಸ್ತ್ರದ ದಾರಿ ಹಿಡಿದರು. 1878ರಲ್ಲಿ ಬರ್ಲಿನ್‌ಗೆ ಬಂದಾಗ ಹೆಲ್ಮ್‌ಹೋಲ್ಟ್ಸ್ ಮತ್ತು ಕಿರ್ಕಾಫ್ ಅವರಂಥ ಗುರುಗಳು ಸಿಕ್ಕರು. 1880ರಲ್ಲಿ, 23ನೇ ವಯಸ್ಸಿಗೇ ಡಾಕ್ಟರೇಟ್ ಪದವಿ ಬಂತು.

ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಅವರು ಬೆಳಕು ಒಂದು ವಿದ್ಯುತ್ಕಾಂತೀಯ ತರಂಗವೆಂದು 1865ರಲ್ಲೇ ಗಣಿತದಿಂದ ತೋರಿಸಿದ್ದರು. ಆದರೆ ವಿದ್ಯುತ್ತಿನಿಂದ ಅಂಥ ತರಂಗವನ್ನು ಹುಟ್ಟಿಸಿ ತೋರಿಸಿದವರು ಯಾರೂ ಇರಲಿಲ್ಲ. 1879ರಲ್ಲಿ ಬರ್ಲಿನ್ ಅಕಾಡೆಮಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಗೆ ಬಹುಮಾನ ಪ್ರಕಟಿಸಿತು. ಅದನ್ನು ಕೈಗೆತ್ತಿಕೊಳ್ಳುವಂತೆ ಹೆಲ್ಮ್‌ಹೋಲ್ಟ್ಸ್ ಶಿಷ್ಯನಿಗೆ ಸೂಚಿಸಿದರು. ಹರ್ಟ್ಸ್ ಲೆಕ್ಕ ಹಾಕಿ ನೋಡಿ, ಆಗ ಲಭ್ಯವಿದ್ದ ಸಲಕರಣೆಗಳಿಂದ ಇದು ಆಗದ ಕೆಲಸವೆಂದು ಬದಿಗಿಟ್ಟರು. ಆದರೆ ಪ್ರಶ್ನೆಯನ್ನು ಮರೆಯಲಿಲ್ಲ.

ಕಾರ್ಲ್ಸ್‌ರೂಹೆಯ ಕಿಡಿಗಳು

1885ರಲ್ಲಿ ಹರ್ಟ್ಸ್ ಕಾರ್ಲ್ಸ್‌ರೂಹೆ ತಾಂತ್ರಿಕ ಕಾಲೇಜಿನ ಪ್ರಾಧ್ಯಾಪಕರಾದರು. ಮರುವರ್ಷ ಎಲಿಜಬೆತ್ ಡೋಲ್ ಅವರನ್ನು ಮದುವೆಯಾದರು. ಅದೇ ವರ್ಷ, 1886ರಲ್ಲಿ, ಪಾಠ ಮಾಡಲು ಇಟ್ಟಿದ್ದ ಒಂದು ಜೊತೆ ತಂತಿ ಸುರುಳಿಗಳಲ್ಲಿ ಅವರೊಂದು ವಿಚಿತ್ರ ಕಂಡರು. ಒಂದು ಸುರುಳಿಯಲ್ಲಿ ಕಿಡಿ ಹಾರಿಸಿದಾಗ ಪಕ್ಕದ ಸುರುಳಿಯ ತುದಿಗಳ ನಡುವೆಯೂ ಸಣ್ಣ ಕಿಡಿ ಕಾಣಿಸಿತು. ಏಳು ವರ್ಷ ಹಿಂದೆ ಬದಿಗಿಟ್ಟಿದ್ದ ಪ್ರಶ್ನೆಗೆ ಇಲ್ಲಿ ದಾರಿ ಇದೆಯೆಂದು ಅವರಿಗೆ ಹೊಳೆಯಿತು.

ಅವರು ಮಾಡಿದ ಉಪಕರಣ ಸರಳವಾದದ್ದು. ಎರಡು ಲೋಹದ ಸರಳುಗಳು, ಅವುಗಳ ಹೊರತುದಿಗಳಲ್ಲಿ ದೊಡ್ಡ ಲೋಹದ ಗೋಳಗಳು, ನಡುವೆ ಸಣ್ಣ ಬಿರುಕು. ಪ್ರೇರಣ ಸುರುಳಿಯಿಂದ ಹೆಚ್ಚಿನ ವೋಲ್ಟೇಜ್ ಕೊಟ್ಟಾಗ ಬಿರುಕಿನಲ್ಲಿ ಕಿಡಿ ಹಾರುತ್ತದೆ, ವಿದ್ಯುತ್ತು ಸರಳುಗಳಲ್ಲಿ ಅತಿ ವೇಗವಾಗಿ ಹಿಂದೆಮುಂದೆ ಓಡುತ್ತದೆ, ತರಂಗ ಹೊರಡುತ್ತದೆ. ಅದನ್ನು ಹಿಡಿಯಲು ಒಂದು ತಾಮ್ರದ ತಂತಿಯ ಬಳೆ, ಅದರಲ್ಲೂ ಒಂದು ಕಿರಿದಾದ ಬಿರುಕು. ತರಂಗ ತಲುಪಿದರೆ ಅಲ್ಲಿಯೂ ಕಿಡಿ ಹಾರಬೇಕು. ಆ ಕಿಡಿಯ ಉದ್ದ ಕೆಲವೊಮ್ಮೆ ಮಿಲಿಮೀಟರಿನ ನೂರರಲ್ಲೊಂದು ಭಾಗ! ಕೋಣೆಯನ್ನು ಕತ್ತಲು ಮಾಡಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾದು ಅದನ್ನು ನೋಡಬೇಕಿತ್ತು.

ಕತ್ತಲ ಪೆಟ್ಟಿಗೆ

ಕಿಡಿ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ಹರ್ಟ್ಸ್ ಬಳೆಯ ಬಿರುಕಿನ ಸುತ್ತ ಕಪ್ಪು ಪೆಟ್ಟಿಗೆಯನ್ನಿಟ್ಟರು. ಆಗ ಕಿಡಿ ಚಿಕ್ಕದಾಯಿತು. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆಯನ್ನು ತೆಗೆದಿಟ್ಟು ಮುಂದಿನ ಕೆಲಸ ನೋಡುತ್ತಿದ್ದರೇನೋ. ಅವರಿಗೆ ಬೇಕಾಗಿದ್ದದ್ದು ತರಂಗ, ಪೆಟ್ಟಿಗೆಯದು ಬರೀ ಕಿರಿಕಿರಿ. ಆದರೂ ಅವರು ಮುಖ್ಯ ಕೆಲಸವನ್ನು ತಿಂಗಳುಗಟ್ಟಲೆ ನಿಲ್ಲಿಸಿ ಆ ಕಿರಿಕಿರಿಯ ಬೆನ್ನು ಹತ್ತಿದರು.

ಪೆಟ್ಟಿಗೆಯ ಯಾವ ಬದಿ ಕಿಡಿಯನ್ನು ಕುಗ್ಗಿಸುತ್ತಿದೆ? ದೊಡ್ಡ ಕಿಡಿಗೂ ಸಣ್ಣ ಕಿಡಿಗೂ ನಡುವೆ ಬರುವ ಬದಿ ಮಾತ್ರ. ಅಲ್ಲಿ ಗಾಜಿಟ್ಟರೂ ಕಿಡಿ ಕುಗ್ಗಿತು, ಸ್ಫಟಿಕಶಿಲೆಯ ತಟ್ಟೆ ಇಟ್ಟರೆ ಕುಗ್ಗಲಿಲ್ಲ. ಗಾಜು ತಡೆಯುವ, ಆದರೆ ಸ್ಫಟಿಕಶಿಲೆ ಬಿಡುವ ಬೆಳಕು ನೇರಳಾತೀತ ಕಿರಣ. ದೊಡ್ಡ ಕಿಡಿಯಿಂದ ಹೊರಟ ನೇರಳಾತೀತ ಕಿರಣವು ಸಣ್ಣ ಬಿರುಕಿನ ಲೋಹದ ಮೇಲೆ ಬಿದ್ದಾಗ ಕಿಡಿ ಸುಲಭವಾಗಿ ಹಾರುತ್ತಿತ್ತು. 1887ರಲ್ಲಿ ಅವರು ಕಂಡದ್ದನ್ನಷ್ಟೇ ಬರೆದು ಪ್ರಕಟಿಸಿದರು, ಕಾರಣ ಊಹಿಸಲು ಹೋಗಲಿಲ್ಲ. ಎಲೆಕ್ಟ್ರಾನ್ ಆಗಿನ್ನೂ ಪತ್ತೆಯಾಗಿರಲಿಲ್ಲ. ಇದೇ ನಾವು ಓದುವ ದ್ಯುತಿವಿದ್ಯುತ್ ಪರಿಣಾಮ. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ವಿವರಣೆ ಕೊಟ್ಟರು. ಅವರಿಗೆ ಬಂದ 1921ರ ನೊಬೆಲ್ ಬಹುಮಾನಕ್ಕೆ ಆ ವಿವರಣೆಯೇ ಮುಖ್ಯ ಆಧಾರ.

ಗೋಡೆ ಮತ್ತು ಕಬ್ಬಿಣದ ಒಲೆ

1888ರಲ್ಲಿ ಹರ್ಟ್ಸ್ ಉಪನ್ಯಾಸ ಕೊಠಡಿಯ ಗೋಡೆಗೆ ದೊಡ್ಡ ಸತುವಿನ ಹಾಳೆ ಹೊಡೆದರು. ಹೋದ ತರಂಗ ಮತ್ತು ಹಾಳೆಗೆ ತಾಗಿ ಮರಳಿದ ತರಂಗ ಸೇರಿ ಸ್ಥಾಯಿ ತರಂಗವಾಯಿತು. ಬಳೆಯನ್ನು ಹಿಡಿದು ಕೊಠಡಿಯುದ್ದಕ್ಕೂ ನಡೆದಾಗ ಕೆಲವು ಕಡೆ ಕಿಡಿ ಬಲವಾಗಿತ್ತು, ಕೆಲವು ಕಡೆ ಇರಲೇ ಇಲ್ಲ. ಆ ಅಂತರವನ್ನು ಅಳೆದು ತರಂಗದೂರವನ್ನು ಕಂಡುಹಿಡಿದರು. ಅದು 9 ಮೀಟರಿನ ಆಸುಪಾಸಿನಲ್ಲಿತ್ತು.

ಆದರೆ ತಂತಿಯಲ್ಲಿ ಸಾಗುವ ತರಂಗ ಗಾಳಿಯಲ್ಲಿ ಸಾಗುವುದಕ್ಕಿಂತ ನಿಧಾನವೆಂಬ ಫಲಿತಾಂಶ ಬಂತು. ಸಿದ್ಧಾಂತದ ಪ್ರಕಾರ ಎರಡೂ ಸಮವಾಗಿರಬೇಕು. ತಪ್ಪಿಸಿದ್ದು ಕೊಠಡಿಯೇ. ಅಕ್ಕಪಕ್ಕದ ಗೋಡೆಗಳಿಂದ, ಅಲ್ಲಿದ್ದ ಕಬ್ಬಿಣದ ಒಲೆಯಿಂದ ತರಂಗಗಳು ಪ್ರತಿಫಲಿಸಿ ಅಳತೆಯನ್ನು ಕೆಡಿಸುತ್ತಿದ್ದವು. 1893ರಲ್ಲಿ ಜಿನೀವಾದ ಇಬ್ಬರು ವಿಜ್ಞಾನಿಗಳು ಬಹು ದೊಡ್ಡ ಸಭಾಂಗಣದಲ್ಲಿ ಅದೇ ಪ್ರಯೋಗ ಮಾಡಿದಾಗ ಎರಡು ವೇಗಗಳೂ ಸಮವೆಂದು ಖಚಿತವಾಯಿತು. ಇದಲ್ಲದೆ ಹರ್ಟ್ಸ್ ಅವರ ಲೆಕ್ಕದಲ್ಲಿ ಒಂದು ತಪ್ಪಿದ್ದುದನ್ನು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ತೋರಿಸಿಕೊಟ್ಟರು. ತಮ್ಮ ಲೇಖನಗಳನ್ನು 1892ರಲ್ಲಿ ಪುಸ್ತಕವಾಗಿ ತಂದಾಗ ಹರ್ಟ್ಸ್ ಈ ತಪ್ಪುಗಳನ್ನು ಮುಚ್ಚಿಡದೆ ಮುನ್ನುಡಿ ಭಾಗದಲ್ಲಿ ಹೇಳಿಕೊಂಡರು.

ಅಷ್ಟರಲ್ಲಿ ಅವರು 66 ಸೆಂಟಿಮೀಟರ್ ತರಂಗದೂರದ ಚಿಕ್ಕ ತರಂಗಗಳನ್ನೂ ಹುಟ್ಟಿಸಿದ್ದರು. 2 ಮೀಟರ್ ಎತ್ತರದ ಬಾಗಿದ ಸತುವಿನ ಕನ್ನಡಿಗಳಿಂದ ಅವುಗಳನ್ನು ಕಿರಣದಂತೆ ಕಳುಹಿಸಿದರು. ಟಾರಿನ ಜಾತಿಯ ಗಟ್ಟಿ ವಸ್ತುವಿನಿಂದ ಮಾಡಿದ ಭಾರಿ ಪಟ್ಟಕದಲ್ಲಿ ಅವು ಬೆಳಕಿನಂತೆಯೇ ಬಾಗಿದವು. ಮರದ ಬಾಗಿಲನ್ನು ದಾಟಿ ಹೋದವು, ಲೋಹದ ಹಾಳೆಯ ಮುಂದೆ ನಿಂತವು. 1889ರ ಇನ್ನೊಂದು ಪ್ರಯೋಗದಲ್ಲಿ, ತಂತಿಯ ಸುತ್ತ ಲೋಹದ ಪಂಜರ ಕಟ್ಟಿದರೆ ಹೊರಗಿನ ತರಂಗ ಒಳಗಿನ ತಂತಿಯನ್ನು ಮುಟ್ಟದೆಂದು ತೋರಿಸಿದರು. ಬಹಳ ತೆಳುವಾದ ಲೋಹದ ಪದರವೂ ಸಾಕಾಗುತ್ತಿತ್ತು.

ಕೊನೆಯ ವರ್ಷಗಳು

1889ರಲ್ಲಿ ಹರ್ಟ್ಸ್ ಬಾನ್ ವಿಶ್ವವಿದ್ಯಾಲಯಕ್ಕೆ ಹೋದರು. 1890ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಮ್‌ಫರ್ಡ್ ಪದಕ ನೀಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕಾಯಿಲೆ ಬಿದ್ದರು. ಶಸ್ತ್ರಚಿಕಿತ್ಸೆಗಳಾದವು, ನೋವು ಕಡಿಮೆಯಾಗಲಿಲ್ಲ. ನೋವಿನಲ್ಲೇ ಯಂತ್ರಶಾಸ್ತ್ರದ ತತ್ವಗಳ ಬಗ್ಗೆ ಒಂದು ಪುಸ್ತಕ ಬರೆದು ಮುಗಿಸಿದರು. 1894ರ ಜನವರಿ 1ರಂದು ತೀರಿಕೊಂಡರು. ಹಿಂದೆ ಉಳಿದವರು ಪತ್ನಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು. 1930ರ ದಶಕದಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, ಯಹೂದಿ ಮೂಲದ ಕಾರಣಕ್ಕೆ ಹರ್ಟ್ಸ್ ಅವರ ಭಾವಚಿತ್ರವನ್ನು ಹ್ಯಾಂಬರ್ಗ್ ಪುರಭವನದಿಂದ ತೆಗೆಯಲಾಯಿತು. ಕುಟುಂಬ ಇಂಗ್ಲೆಂಡಿಗೆ ಹೋಗಿ ನೆಲೆಸಿತು. ಚಿತ್ರ ತೆಗೆದರೂ ಹೆಸರು ಅಳಿಯಲಿಲ್ಲ. ಆವರ್ತದ ಅಳತೆಗೆ ಹರ್ಟ್ಸ್ ಎಂಬ ಹೆಸರು 1960ರಲ್ಲಿ ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಸೇರಿತು.

ಹರ್ಟ್ಸ್ ತೀರಿಕೊಂಡ ಮರುವರ್ಷವೇ ನಮ್ಮ ಜಗದೀಶಚಂದ್ರ ಬೋಸ್ ಕಲ್ಕತ್ತೆಯಲ್ಲಿ ಇನ್ನೂ ಚಿಕ್ಕ ತರಂಗಗಳನ್ನು ಹುಟ್ಟಿಸಿ ಸಾರ್ವಜನಿಕರ ಮುಂದೆ ತೋರಿಸಿದರು. ಮಾರ್ಕೋನಿ ಅವುಗಳಿಂದ ಸಂದೇಶ ಕಳುಹಿಸಿದರು. ರೇಡಿಯೋ ಬೆಳೆದಂತೆ ಒಂದು ತೊಡಕೂ ಬೆಳೆಯಿತು. ಕಿಡಿ ಎಲ್ಲಿ ಹಾರಿದರೂ ತರಂಗ ಹೊರಡುತ್ತದೆ. ಮೋಟಾರು, ಸ್ವಿಚ್ಚು, ವಾಹನದ ಎಂಜಿನ್ನು, ಎಲ್ಲವೂ ತಿಳಿಯದೆಯೇ ಸಣ್ಣ ರೇಡಿಯೋ ಕೇಂದ್ರಗಳು. ಈ ಅಡಚಣೆಗೆ ಎಲ್ಲ ದೇಶಗಳೂ ಒಪ್ಪುವ ಅಳತೆ ಬೇಕೆಂದು 1933ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿತು. ಅದರಿಂದ ಹುಟ್ಟಿದ ಸಮಿತಿಯೇ ಸಿಸ್ಪರ್.

ಕಾರ್ಖಾನೆಯ ಕ್ಯಾಮೆರಾದೊಳಗೆ

ಈಗ ಕಾರ್ಖಾನೆಯ ಕ್ಯಾಮೆರಾಕ್ಕೆ ಬರೋಣ. ಲೆನ್ಸ್‌ನ ಹಿಂದೆ ಸಿಲಿಕಾನ್ ಸೆನ್ಸರ್ ಇದೆ, ಅದರಲ್ಲಿ ಲಕ್ಷಾಂತರ ಪಿಕ್ಸೆಲ್‌ಗಳು. ಬೆಳಕಿನ ಫೋಟಾನ್ ಬಿದ್ದಾಗ ಸಿಲಿಕಾನ್‌ನೊಳಗೆ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಹರ್ಟ್ಸ್ ಕಂಡದ್ದರಲ್ಲಿ ಎಲೆಕ್ಟ್ರಾನ್ ಲೋಹದಿಂದ ಹೊರಗೇ ಬರುತ್ತಿತ್ತು, ಇಲ್ಲಿ ವಸ್ತುವಿನೊಳಗೇ ಉಳಿಯುತ್ತದೆ. ಎರಡರಲ್ಲೂ ಫೋಟಾನ್‌ನ ಶಕ್ತಿಯೇ ಎಲೆಕ್ಟ್ರಾನ್ ಬಿಡಿಸುತ್ತದೆ. ಸಿಲಿಕಾನ್‌ಗೆ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು, ಹಾಗಾಗಿ ಕಣ್ಣಿಗೆ ಕಾಣುವ ಬೆಳಕೂ ಕೆಲಸ ಮಾಡುತ್ತದೆ. ಸೇರಿದ ವಿದ್ಯುದಂಶವನ್ನು ಅಳೆದು ಅಂಕಿಯಾಗಿ ಬದಲಿಸಿ, ಕೇಬಲ್ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತಾರೆ.

ಇಷ್ಟು ಪಿಕ್ಸೆಲ್‌ಗಳನ್ನು ಬೇಗ ಓದಲು ಕೋಟಿಗಟ್ಟಲೆ ಹರ್ಟ್ಸ್ ವೇಗದ ಗಡಿಯಾರ ಸಂಕೇತ ಬೇಕು. 50 ಮೆಗಾಹರ್ಟ್ಸ್‌ನ ಚೌಕ ತರಂಗದಲ್ಲಿ 150, 250 ಮೆಗಾಹರ್ಟ್ಸ್‌ನ ಅಂಶಗಳೂ ಇರುತ್ತವೆ. 75 ಮೆಗಾಹರ್ಟ್ಸ್‌ನ ತರಂಗದೂರ 4 ಮೀಟರ್. ಅದರ ಕಾಲು ಭಾಗವಾದ 1 ಮೀಟರ್ ಉದ್ದದ ಕೇಬಲ್ಲೇ ಹರ್ಟ್ಸ್ ಅವರ ಲೋಹದ ಸರಳಿನಂತೆ ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ಎಫ್‌ಎಂ ರೇಡಿಯೋ 88ರಿಂದ 108 ಮೆಗಾಹರ್ಟ್ಸ್‌ನಲ್ಲಿದೆ. ವಿಮಾನದ ಪೈಲಟ್ ನಿಯಂತ್ರಣ ಗೋಪುರದೊಡನೆ ಮಾತನಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅಲ್ಲಿ ಬೇಡದ ಸದ್ದು ಸೇರುವುದು ಆಟದ ಮಾತಲ್ಲ.

ಅದಕ್ಕೇ ಮಿತಿಗಳಿವೆ. ಸಿಸ್ಪರ್ ಮಾನದಂಡದಲ್ಲಿ 30ರಿಂದ 230 ಮೆಗಾಹರ್ಟ್ಸ್‌ವರೆಗೆ, 10 ಮೀಟರ್ ದೂರದಲ್ಲಿ ಎ ವರ್ಗದ ಉಪಕರಣದಿಂದ ಮೀಟರಿಗೆ 100 ಮೈಕ್ರೋವೋಲ್ಟ್, ಬಿ ವರ್ಗದ್ದರಿಂದ ಸುಮಾರು 32 ಮೈಕ್ರೋವೋಲ್ಟ್ ಮೀರಬಾರದು. ಎ ವರ್ಗ ಕಾರ್ಖಾನೆಗೆ, ಬಿ ವರ್ಗ ಮನೆಗೆ. ಮನೆಯಲ್ಲಿ ರೇಡಿಯೋ, ಟಿವಿಗಳು ಹತ್ತಿರವೇ ಇರುವುದರಿಂದ ಮಿತಿ ಬಿಗಿ. ಕಾರ್ಖಾನೆಯ ಕ್ಯಾಮೆರಾ ಎ ವರ್ಗದ್ದಾದರೆ ಅದನ್ನು ಮನೆಗೆ ತಂದು ಬಳಸುವುದು ಸರಿಯಲ್ಲ. ಅಳೆಯುವ ಕೊಠಡಿಯ ಗೋಡೆಗಳಿಗೆ ತರಂಗ ಹೀರುವ ಮುಳ್ಳುಮುಳ್ಳಾದ ಫೋಮ್ ಹೊದಿಸಿರುತ್ತಾರೆ. ಕಾರ್ಲ್ಸ್‌ರೂಹೆಯ ಗೋಡೆ ಮತ್ತು ಒಲೆ ಕಲಿಸಿದ ಪಾಠ ಅದು.

ತೊಂದರೆ ಎರಡೂ ಕಡೆಯಿಂದ ಬರುತ್ತದೆ. ಪಕ್ಕದ ದೊಡ್ಡ ಮೋಟಾರಿನ ವೇಗ ನಿಯಂತ್ರಕದ ಸದ್ದು ಕೇಬಲ್ಲಿಗೆ ನುಗ್ಗಿದರೆ ಚಿತ್ರದಲ್ಲಿ ಗೆರೆಗಳು ಮೂಡುತ್ತವೆ, ಅಥವಾ ಬಾಟಲಿ ಬರುವ ಮೊದಲೇ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಖಾಲಿ ಗೂಡಿನ ಮಾತ್ರೆಪಟ್ಟಿ ತಪ್ಪಿಸಿಕೊಂಡು ಪೆಟ್ಟಿಗೆ ಸೇರಬಹುದು. ಪರಿಹಾರವಾಗಿ ಕ್ಯಾಮೆರಾಕ್ಕೆ ಲೋಹದ ಕವಚ, ಕೇಬಲ್ಲಿಗೆ ಹೆಣೆದ ಲೋಹದ ಹೊದಿಕೆ, ತುದಿಯಲ್ಲಿ ಆ ಹೊದಿಕೆಯನ್ನು ಸುತ್ತಲೂ ಕನೆಕ್ಟರಿಗೆ ಬಿಗಿಯುವುದು. ಸಂಕೇತಕ್ಕೆ ಹೊಸೆದ ಜೋಡಿ ತಂತಿ ಬಳಸಿದರೆ ಹೊರಗಿನ ಸದ್ದು ಎರಡರಲ್ಲೂ ಒಂದೇ ತೆರನಾಗಿ ಸೇರಿ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ಮೋಟಾರಿನ ತಂತಿಯನ್ನೂ ಕ್ಯಾಮೆರಾ ಕೇಬಲ್ಲನ್ನೂ ಒಂದೇ ಕಟ್ಟಿನಲ್ಲಿ ಒಯ್ಯಬಾರದು. ಲೋಹದ ಹೊದಿಕೆಯ ಹಿಂದಿರುವುದು 1889ರ ಆ ಪಂಜರದ ತತ್ವವೇ.

ವಿದ್ಯಾರ್ಥಿ ಮಿತ್ರರೇ, ಹರ್ಟ್ಸ್ ಅವರ ಬದುಕು ಚಿಕ್ಕದು, ಆದರೆ ಅವರು ಮಾಡಿದ ಕೆಲಸ ಇಂದಿನ ಪ್ರತಿ ಕ್ಯಾಮೆರಾದಲ್ಲೂ ಫೋನಿನಲ್ಲೂ ಇದೆ. ಪೆಟ್ಟಿಗೆ ಇಟ್ಟಾಗ ಕಿಡಿ ಕುಗ್ಗಿದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು, ಕಾರಣ ತಿಳಿಯದಿದ್ದರೂ ಕಂಡದ್ದನ್ನು ಇದ್ದ ಹಾಗೆಯೇ ಬರೆದಿಟ್ಟರು. ನಮ್ಮ ಪ್ರಯೋಗಾಲಯದಲ್ಲಿ ಅಳತೆಯೊಂದು ನಿರೀಕ್ಷೆಯಂತೆ ಬಾರದಿದ್ದಾಗ, ರೆಕಾರ್ಡ್ ಪುಸ್ತಕದಲ್ಲಿ ಗೆಳೆಯನ ಅಂಕಿಯನ್ನು ನಕಲು ಮಾಡುವ ಬದಲು ನಮಗೆ ಬಂದ ಅಂಕಿಯನ್ನೇ ಬರೆದು, ಅದು ಏಕೆ ಹಾಗೆ ಬಂತೆಂದು ಮೇಷ್ಟ್ರನ್ನು ಕೇಳೋಣ.