ಸಂತ ಜೋಸೆಫ್ ವಾಜರ ಜೀವನ ಚರಿತ್ರೆ



ಮುಡಿಪು ಗುಡ್ಡ ಹತ್ತಿ ಬಂದಿದ್ದೀರಿ. ಕೆಲವರು ಹರಕೆ ತೀರಿಸಲಿಕ್ಕೆ ಬಂದಿದ್ದೀರಿ, ಕೆಲವರು ಹೊಸ ಹರಕೆ ಹೊರಲಿಕ್ಕೆ. ಬಿನ್ನಹದ ಚೀಟಿಗಳನ್ನು ಜೋಡಿಸಿ ಇಡುವ ಕೆಲಸ ನನ್ನದು. ಗಲ್ಫಿಗೆ ವೀಸಾ ಆಗಬೇಕು, ಮಗಳಿಗೆ ಸಂಬಂಧ ಕೂಡಿ ಬರಬೇಕು, ಬ್ಯಾಂಕಿನ ಸಾಲ ತೀರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಮಕ್ಕಳು ತಂದೆಯ ಹತ್ತಿರ ಕೇಳದೆ ಇನ್ನು ಯಾರ ಹತ್ತಿರ ಕೇಳಬೇಕು? ಆದರೆ ಈಚೆಗೆ ಕೆಲವರು ಬೇರೆಯೇ ಒಂದು ಪ್ರಶ್ನೆ ಹಿಡಿದು ಬರುತ್ತಾರೆ. ವಿಶ್ವಾಸ ಗಟ್ಟಿಯಾಗಿದ್ದರೆ ಕಾಯಿಲೆ ಬರಲಿಕ್ಕಿಲ್ಲ, ದೇವರಿಗೆ ಕೊಟ್ಟದ್ದು ಹತ್ತು ಪಾಲಾಗಿ ತಿರುಗಿ ಬರುತ್ತದೆ ಅಂತ ಟಿವಿಯಲ್ಲಿ ಹೇಳುತ್ತಾರೆ, ನಮಗೆ ಹಾಗೆ ಆಗಲಿಲ್ಲವಲ್ಲ, ನಮ್ಮ ವಿಶ್ವಾಸದಲ್ಲೇ ಕೊರತೆ ಉಂಟಾ ಅಂತ. ಅಂಥವರು ಈ ಸಂತರ ಜೀವನವನ್ನು ಒಮ್ಮೆ ಪೂರ್ತಿ ಓದಬೇಕು. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನಾವ್ಲಿಯಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕ್ವಾಳ್. ಕೊಂಕಣಿ ಮಾತಾಡುವ, ಊರಿನಲ್ಲಿ ಗೌರವ ಇದ್ದ ಕುಟುಂಬ. ಹುಡುಗ ಪೋರ್ಚುಗೀಸ್ ಕಲಿತರು, ಲ್ಯಾಟಿನ್ ಕಲಿತರು, ಗೋವಾ ನಗರಕ್ಕೆ ಹೋಗಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದರು. 1676ರಲ್ಲಿ ಗುರುದೀಕ್ಷೆ ಆಯಿತು. ಆ ಕಾಲದ ಗೋವಾದಲ್ಲಿ ಗುರುಗಳೆಂದರೆ ಮರ್ಯಾದೆ ಉಂಟು, ಆದಾಯ ಉಂಟು. ಇವರು ಮಾಡಿದ್ದೇನೆಂದರೆ ಕಾಲಿನ ಪಾದರಕ್ಷೆ ತೆಗೆದಿಟ್ಟದ್ದು. ಬಡವರು ನಡೆಯುವ ಹಾಗೆ ಬರಿಗಾಲಲ್ಲಿ ನಡೆಯಲಿಕ್ಕೆ ಶುರು ಮಾಡಿದರು. ಮುಂದಿನ ವರ್ಷ, 1677ರ ಆಗಸ್ಟ್ 5ರಂದು, ತಾನು ಮಾತೆ ಮರಿಯಮ್ಮನವರ ಗುಲಾಮ ಅಂತ ಒಂದು ಪತ್ರ ಬರೆದು ಸಹಿ ಹಾಕಿಟ್ಟರು. ಗುಲಾಮರನ್ನು ಸಂತೆಯಲ್ಲಿ ಮಾರುತ್ತಿದ್ದ ಕಾಲ ಅದು. ಗುಲಾಮ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ನಮ್ಮ ಕಡೆಗೆ ಬಂದರು. 1681ರಲ್ಲಿ ಗೋವಾದ ಕಡೆಯಿಂದ ಕೆನರಾ ಮಿಷನ್ನಿನ ಮುಖ್ಯಸ್ಥರಾಗಿ ಬಂದಾಗ ಈ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಗುರುಗಳಿಲ್ಲದೆ ಎಷ್ಟೋ ಕಾಲದಿಂದ ಪೂಜೆ, ಸಂಸ್ಕಾರ ಕಾಣದ ಕ್ರೈಸ್ತ ಮನೆಗಳು ಕರಾವಳಿಯುದ್ದಕ್ಕೂ ಇದ್ದವು. ಅದರ ಮೇಲೆ ಒಂದು ಜಗಳ ಬೇರೆ. ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಗೋವಾದವರು ಆ ಅಧಿಕಾರ ತಮ್ಮದು ಅನ್ನುತ್ತಿದ್ದರು. ಜನ ಎರಡು ಪಕ್ಷವಾಗಿದ್ದರು. ಆ ಜಗಳದ ನಡುವೆ ಸಿಕ್ಕಿಕೊಂಡ ವಾಜರು ಮೂರು ವರ್ಷ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಅಂತ ನಡೆದೇ ನಡೆದರು, ಶಾಲೆ ತೆರೆದರು, ಮುರಿದ ಮನಸ್ಸುಗಳನ್ನು ಕೂಡಿಸಲು ನೋಡಿದರು. ಈ ಮುಡಿಪು ಗುಡ್ಡದ ಕಥೆ ಆ ಕಾಲದ್ದು. ರೋಗಿಯೊಬ್ಬರಿಗೆ ಸಂಸ್ಕಾರ ಕೊಡಬೇಕು ಅಂತ ಸುಳ್ಳು ಹೇಳಿ ರಾತ್ರಿ ಅವರನ್ನು ಇಲ್ಲಿಗೆ ಕರೆತಂದು ಕೊಲ್ಲಲು ನೋಡಿದರು, ಆಗ ಗುಡ್ಡದ ಮೇಲೆ ದೊಡ್ಡ ಬೆಳಕು ಕಂಡಿತು ಅಂತ ಹಿರಿಯರಿಂದ ಹಿರಿಯರಿಗೆ ಮಾತು ಬಂದಿದೆ. ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅವರ ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ ಹೋದ ಮೇಲೆ.

ಗೋವಾಕ್ಕೆ ಮರಳಿದ ವಾಜರು 1685ರಲ್ಲಿ ಹಳೆ ಗೋವಾದಲ್ಲಿ ಕೂಡಿ ಬಾಳುತ್ತಿದ್ದ ಕೆಲವು ಗುರುಗಳನ್ನು ಸೇರಿದರು. ಆಗ ಅಲ್ಲಿದ್ದ ಐರೋಪ್ಯ ಸನ್ಯಾಸಿ ಸಂಸ್ಥೆಗಳು ನಮ್ಮ ದೇಶದವರನ್ನು ಒಳಗೆ ಸೇರಿಸುತ್ತಿರಲಿಲ್ಲ. ಹಾಗಾಗಿ ಈ ಮಣ್ಣಿನ ಗುರುಗಳೇ ಕಟ್ಟಿಕೊಂಡ ಮಠ ಅದು, ಒರೇಟರಿ ಅಂತ ಹೆಸರು. ವಾಜರನ್ನೇ ಹಿರಿಯರನ್ನಾಗಿ ಮಾಡಿದರು. ಒಂದು ವರ್ಷವೂ ಅವರು ಅಲ್ಲಿ ನೆಮ್ಮದಿಯಾಗಿ ಕೂರಲಿಲ್ಲ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಕಥೋಲಿಕರ ಸುದ್ದಿ ಅವರ ಮನಸ್ಸನ್ನು ಕೊರೆಯುತ್ತಿತ್ತು.

ಅಲ್ಲಿ ಆದದ್ದು ಏನು ಅಂತ ಸ್ವಲ್ಪ ತಿಳಿಯಬೇಕು. ಡಚ್ಚರು 1656ರಲ್ಲಿ ಕೊಲಂಬೊ ಹಿಡಿದರು, 1658ರಲ್ಲಿ ಜಾಫ್ನಾ ಹಿಡಿದರು. ಪೋರ್ಚುಗೀಸರು ಹೋದರು, ಅವರ ಜತೆ ಗುರುಗಳೂ ಹೋದರು. ಇಗರ್ಜಿಗಳು ಡಚ್ಚರ ಪ್ರೊಟೆಸ್ಟಂಟ್ ಸಭೆಯ ಕೈಗೆ ಬಂದವು. ಕಥೋಲಿಕ ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಅಂತ ಡಂಗುರವಾಯಿತು. ಇದು ಹಿಂಸೆಯ ಒಂದು ಮುಖ. ಇನ್ನೊಂದು ಮುಖ ಬಹಳ ಮೆತ್ತಗಿನದ್ದು. ಡಚ್ಚರ ಸಭೆಯಲ್ಲಿ ದೀಕ್ಷೆ ಪಡೆದು ಅವರ ದಫ್ತರಿನಲ್ಲಿ ಹೆಸರು ಬರೆಸಿದರೆ ಸರಕಾರಿ ಹುದ್ದೆ ಸಿಗುತ್ತದೆ, ಮುದಲಿಯಾರ್ ಪದವಿ ಸಿಗುತ್ತದೆ. ಮದುವೆ ನೋಂದಣಿ ಆಗುತ್ತದೆ, ಮಕ್ಕಳ ಆಸ್ತಿ ಹಕ್ಕಿಗೆ ತಕರಾರು ಇಲ್ಲ. ಬರೆಸದಿದ್ದರೆ ಇದೆಲ್ಲ ಇಲ್ಲ. ಸಮೃದ್ಧಿಯ ಭರವಸೆ ಅಂತ ಅಲ್ಲಿ ಯಾರಾದರೂ ಕೊಟ್ಟದ್ದಿದ್ದರೆ ಅದು ಡಚ್ಚರ ಕಂಪೆನಿ ಕೊಟ್ಟದ್ದು. ಕೊಟ್ಟವರೂ ಯೇಸುವಿನ ಹೆಸರು ಹೇಳುವವರೇ, ಹೊಡೆಸಿಕೊಂಡವರೂ ಯೇಸುವಿನ ಹೆಸರು ಹೇಳುವವರೇ. ಓದುವಾಗ ನೋವಾಗುತ್ತದೆ, ಆದರೆ ಚರಿತ್ರೆ ಹಾಗೇ ಉಂಟು.

ತುಂಬ ಜನ ಹೆಸರು ಬರೆಸಿದರು. ಹಗಲು ಅಲ್ಲಿಗೆ ಹೋಗಿ, ರಾತ್ರಿ ಮನೆಯೊಳಗೆ ಬಾಗಿಲು ಹಾಕಿ ಜಪಸರ ಹೇಳುತ್ತಿದ್ದರು. ಅವರನ್ನು ಹೇಡಿಗಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ನಾಲ್ಕು ಹೊಟ್ಟೆ ಇದ್ದವರಿಗೆ ಗೊತ್ತು. ವಾಜರೂ ಅವರನ್ನು ಬೈಯಲಿಕ್ಕೆ ಹೋದವರಲ್ಲ, ಅವರ ಜತೆ ಇರಲಿಕ್ಕೆ ಹೋದವರು.

1686ರಲ್ಲಿ ಗೋವಾ ಬಿಟ್ಟರು. ಜತೆಗೆ ಜುವಾಂವ್ ಎಂಬ ಸೇವಕ. ಕೆನರಾ ದಾಟಿ, ಮಲಬಾರು ದಾಟಿ, ತೂತುಕುಡಿಗೆ ಬಂದು 1687ರ ಪಾಸ್ಕ ಹಬ್ಬದ ದಿನ ದೋಣಿ ಹತ್ತಿದರು. ಗುರುಗಳ ನಿಲುವಂಗಿ ಇಲ್ಲ, ಕೂಲಿಯಾಳಿನ ವೇಷ. ಕಡಲು ಕೆಟ್ಟಿತು, ಊಟ ನೀರಿಗೆ ತತ್ವಾರವಾಯಿತು. ಜಾಫ್ನಾ ಮುಟ್ಟುವ ಹೊತ್ತಿಗೆ ವಾಜರಿಗೆ ಕಠಿಣ ರಕ್ತಭೇದಿ. ಗುರುತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಎದ್ದು ನಿಲ್ಲಲೂ ಶಕ್ತಿ ಇಲ್ಲ. ಒಬ್ಬ ಹೆಂಗಸು ಗಂಜಿ ತಂದು ಕೊಟ್ಟು ಬದುಕಿಸಿದರು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ದೇವರ ಕೆಲಸಕ್ಕೆ ಅಂತಲೇ ಹೊರಟ ಸಂತನಿಗೆ ಮೊದಲು ಸಿಕ್ಕಿದ್ದು ಈ ರೋಗ, ಈ ಗಂಜಿ. ವಿಶ್ವಾಸ ಇದ್ದವರಿಗೆ ಕಾಯಿಲೆ ಇಲ್ಲ ಅನ್ನುವವರು ಈ ಪುಟವನ್ನು ಎಲ್ಲಿ ಇಡುತ್ತಾರೋ ಗೊತ್ತಿಲ್ಲ.

ಸ್ವಲ್ಪ ಗುಣವಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ಬೇಡಿದ್ದು ಹೊಟ್ಟೆಗೆ ಹೌದು, ಆದರೆ ಕಣ್ಣು ಮನೆಯವರ ಮುಖದ ಮೇಲೆ. ಜಪಸರ ಕಂಡಾಗ ಯಾರ ಮುಖ ಬದಲಾಗುತ್ತದೆ? ಹಾಗೆ ಒಬ್ಬೊಬ್ಬರನ್ನೇ ಗುರುತು ಹಿಡಿದರು. ಸುಮಾರು 30 ವರ್ಷ ಗುರುಗಳ ಮುಖ ಕಾಣದ ಜನ ಅವರು. ರಾತ್ರಿ ಹೊತ್ತು ಪಾಪನಿವೇದನೆ, ಬೆಳಗಾಗುವ ಮೊದಲು ಬಲಿಪೂಜೆ, ಆಮೇಲೆ ಬೇರೆ ಮನೆ. ತಮಿಳು ಕಲಿತರು. ಆಮೇಲೆ ಸಿಲ್ಲಾಲೆ ಎಂಬ ಹಳ್ಳಿಯಲ್ಲಿ ನೆಲೆ ಮಾಡಿದರು. ಅಲ್ಲಿಯ ಜನ ಗಟ್ಟಿ ಕಥೋಲಿಕರು.

ಒಂದು ಕ್ರಿಸ್ಮಸ್ ರಾತ್ರಿ ಪೂಜೆಗೆ ಸೇರಿದ್ದಲ್ಲಿಗೆ ಡಚ್ಚರ ಸಿಪಾಯಿಗಳು ನುಗ್ಗಿದರು. ಗುರುಗಳು ತಪ್ಪಿಸಿಕೊಂಡರು, ಜನ ಸಿಕ್ಕಿಬಿದ್ದರು. ಅವರಲ್ಲಿ ಮುಖ್ಯಸ್ಥರಾದ ಎಂಟು ಮಂದಿಗೆ ಚಾಟಿ ಏಟು. ಒಬ್ಬರು ಆ ಪೆಟ್ಟಿನಿಂದಲೇ ಸತ್ತರು, ಉಳಿದವರನ್ನು ಸಂಕೋಲೆ ಹಾಕಿ ದುಡಿಸಿದರು. ಇದನ್ನು ಬರೆಯುವಾಗ ನನಗೆ ಕೈ ನಿಲ್ಲುತ್ತದೆ. ಗುರು ಬಾರದೆ ಇದ್ದಿದ್ದರೆ ಆ ಮನೆಗಳು ಭದ್ರವಾಗಿ ಇರುತ್ತಿದ್ದವು ಅಂತ ಯಾರಾದರೂ ಹೇಳಿದರೆ ಇಲ್ಲ ಅನ್ನಲಾಗುವುದಿಲ್ಲ. ವಾಜರಿಗೂ ಅದು ಗೊತ್ತಿದ್ದೀತು. ಆದರೂ ಆ ಜನ ಗುರುವಿನ ಜಾಡು ಬಿಟ್ಟುಕೊಡಲಿಲ್ಲ. ಬಾಯಿ ಬಿಟ್ಟಿದ್ದರೆ ಅವರಿಗೆ ಬಿಡುಗಡೆ ಇತ್ತೋ ಏನೋ, ಅವರು ಬಿಡಲಿಲ್ಲ.

ಅಲ್ಲಿಂದ ಪುತ್ತಲಂಗೆ ಹೋಗಿ, 1692ರಲ್ಲಿ ಗುಡ್ಡಗಾಡಿನ ಕ್ಯಾಂಡಿ ರಾಜ್ಯ ಹೊಕ್ಕರು. ಅಲ್ಲಿ ಡಚ್ಚರ ಕೈ ಮುಟ್ಟುತ್ತಿರಲಿಲ್ಲ. ರಾಜ ಎರಡನೆಯ ವಿಮಲಧರ್ಮಸೂರ್ಯ, ಭಕ್ತ ಬೌದ್ಧ. ಆದರೆ ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟಂಟ್ ಒಬ್ಬ ಇವರು ಪೋರ್ಚುಗೀಸರ ಗೂಢಚಾರ ಅಂತ ಚಾಡಿ ಹೇಳಿದ. ಸೆರೆಮನೆಯಾಯಿತು. ಸೆರೆಯಲ್ಲಿ ಸುಮ್ಮನೆ ಕೂತರಾ? ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದ ಮೇಲೆ ಅಲ್ಲೇ ಒಂದು ಗುಡಿಸಿಲು ಇಗರ್ಜಿ ಕಟ್ಟಿಕೊಂಡು ಪೂಜೆ ಶುರು ಮಾಡಿದರು.

ಅಷ್ಟರಲ್ಲಿ ನಾಡಿಗೆ ಬರ ಬಂತು. ಎಲ್ಲ ಪ್ರಾರ್ಥನೆಗಳೂ ಆದ ಮೇಲೆ ರಾಜ ಈ ಕೈದಿ ಗುರುವಿಗೂ ಹೇಳಿ ಕಳುಹಿಸಿದ. ವಾಜರು ಬಯಲಲ್ಲಿ ಪೀಠ ಇಟ್ಟು ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು, ಮಳೆ ಸುರಿಯಿತು, ಅವರ ಸುತ್ತ ಮಾತ್ರ ಒಣಗಿಯೇ ಇತ್ತು ಅಂತ ಹೇಳಿಕೆ. ಈ ಪವಾಡವನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಕೇಳುವುದು ತಪ್ಪಲ್ಲ ಅಂತ ಮೊದಲು ಬರೆದೆನಲ್ಲ, ಸಂತರೇ ಕೇಳಿದರು ನೋಡಿ. ಊರಿಗೆ ಮಳೆ ಕೇಳಿದರು. ತನ್ನ ರಕ್ತಭೇದಿ ನಿಲ್ಲಲಿ, ತನ್ನ ಸೆರೆ ಬಿಡಲಿ ಅಂತ ಪವಾಡ ಕೇಳಿದ ಕಥೆ ಎಲ್ಲೂ ಓದಲು ಸಿಗಲಿಲ್ಲ. ಮಳೆ ಬಂದ ಮೇಲೆ ರಾಜ ಅವರಿಗೆ ತನ್ನ ರಾಜ್ಯದಲ್ಲಿ ತಿರುಗಾಡಲು ಬಿಟ್ಟ. ಕ್ರೈಸ್ತರ ಸರಕಾರ ಹುಡುಕಿ ಹೊಡೆಯುತ್ತಿದ್ದ ಗುರುವಿಗೆ ನೆರಳು ಕೊಟ್ಟವನು ಬೌದ್ಧ ರಾಜ. ಕಥೋಲಿಕರಾದ ನಾವು ಈ ಉಪಕಾರವನ್ನು ಮರೆಯಬಾರದು.

1697ರಲ್ಲಿ ಗೋವಾದಿಂದ ಬೇರೆ ಗುರುಗಳು ಸಹಾಯಕ್ಕೆ ಬಂದರು. ಅದೇ ವರ್ಷ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ರಾಜ ಊರು ಬಿಟ್ಟ, ಶ್ರೀಮಂತರು ಊರು ಬಿಟ್ಟರು. ಸಿಡುಬು ಬಂದವರನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟು ಬರುತ್ತಿದ್ದರು. ನಮ್ಮ ಕಡೆಯಲ್ಲೂ ಸಿಡುಬಿನ ಕಾಲದ ಮಾತು ಹಿರಿಯರ ಬಾಯಲ್ಲಿ ಕೇಳಿದವರಿಗೆ ಇದು ಅರ್ಥವಾದೀತು. ವಾಜರೂ ಗುರು ಜೋಸೆಫ್ ಕಾರ್ವಾಲ್ಯೊ ಅವರೂ ಕಾಡಿಗೆ ಹೋದರು. ಗುಡಿಸಿಲು ಹಾಕಿದರು, ಕೀವು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೊತ್ತು ಮಣ್ಣು ಮಾಡಿದರು. ನೀವು ಕ್ರೈಸ್ತರಾ ಬೌದ್ಧರಾ ಅಂತ ಯಾರನ್ನೂ ಕೇಳಲಿಲ್ಲ. ಜಾಫ್ನಾದಲ್ಲಿ ಕುಡಿದ ಆ ಗಂಜಿಯ ನೆನಪು ಅವರಿಗೆ ಇತ್ತೇನೋ ಅಂತ ನನಗೆ ಅನಿಸುತ್ತದೆ. ಸಿಡುಬು ಇಳಿದ ಮೇಲೆ ರಾಜನಿಗೆ ಅವರ ಮೇಲೆ ಇದ್ದ ಗೌರವ ಇಮ್ಮಡಿಯಾಯಿತು.

ಈಗಲಾದರೂ ಕ್ಯಾಂಡಿಯಲ್ಲಿ ಆರಾಮವಾಗಿ ಇರಬಹುದಿತ್ತು. ಇರಲಿಲ್ಲ. ವೇಷ ಹಾಕಿ ಮತ್ತೆ ಡಚ್ಚರ ಊರುಗಳಿಗೇ ಇಳಿದರು; ಕೊಲಂಬೊ, ನೆಗೊಂಬೊ ಕಡೆಯ ಕಥೋಲಿಕರು ಕಾಯುತ್ತಿದ್ದರು. ಮುಂದೆ ಧರ್ಮಾಧ್ಯಕ್ಷ ಪದವಿ ಬರುತ್ತೇನೆ ಅಂದಿತು. ಬೇಡ ಅಂದು ಬರಿಗಾಲ ಗುರುವಾಗಿಯೇ ಉಳಿದರು. 1705ರಲ್ಲಿ ಬಂದ ಗೋವಾದ ಗುರು ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಜನರಿಗೆ ತಿಳಿಯುವ ಹಾಗೆ ಪುಸ್ತಕಗಳನ್ನು ಬರೆದರು. ಅದಕ್ಕೆ ಬೆನ್ನು ತಟ್ಟಿದವರು ವಾಜರೇ.

23 ವರ್ಷ ಆ ದ್ವೀಪದಲ್ಲಿ ತಿರುಗಿದರು, ಗೋವಾಕ್ಕೆ ಒಮ್ಮೆಯೂ ಮರಳಲಿಲ್ಲ. ಕೊನೆಗೆ ದೇಹ ಸೋತು ಹೋಗಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 59 ವರ್ಷ ಪ್ರಾಯ. ಆಸ್ತಿ ಅಂತ ಬಿಟ್ಟು ಹೋದದ್ದು ಏನೂ ಇಲ್ಲ. ಕ್ಯಾಂಡಿಯಲ್ಲೇ ಅವರನ್ನು ಮಣ್ಣು ಮಾಡಿದರು. ಮುಂದೆ ಅಲ್ಲಿಯೂ ಕಥೋಲಿಕರಿಗೆ ಕಷ್ಟದ ದಿನ ಬಂದವು, ಆ ಇಗರ್ಜಿಯೂ ಉಳಿಯಲಿಲ್ಲ. ಸಮಾಧಿ ಇಂಥ ಜಾಗದಲ್ಲೇ ಉಂಟು ಅಂತ ತೋರಿಸಲಿಕ್ಕೆ ಇಂದು ಆಗುವುದಿಲ್ಲ. ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಾಗೆ ದರ್ಶನಕ್ಕೆ ಶರೀರವೂ ಇಲ್ಲ.

1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊದಲ್ಲಿ ಅವರನ್ನು ಪುಣ್ಯವಂತರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಸಂತರೆಂದು ಸಾರಿದರು. ಒಂದು ಕಾಲದಲ್ಲಿ ವಾಜರು ವೇಷ ಮರೆಸಿ, ಕತ್ತಲೆಯಾದ ಮೇಲೆ ಪೂಜೆ ಮಾಡುತ್ತಿದ್ದ ಊರು ಅದು. ಅಂದು ಹಾಡುಹಗಲು, ಕಡಲ ಬದಿಯ ಬಯಲಿನಲ್ಲಿ, ಲಕ್ಷಾಂತರ ಜನ ಸೇರಿದ್ದರು. ಅವರ ಹಬ್ಬ ಜನವರಿ 16ಕ್ಕೆ.