ಜಾನ್ ಸಾಲಾಥೆ

ಜಾನ್ ಸಾಲಾಥೆ (1899–1992) ಸ್ವಿಟ್ಜರ್ಲೆಂಡ್ ಮೂಲದ ಅಮೆರಿಕದ ಕಮ್ಮಾರ ಹಾಗೂ ಶಿಲಾರೋಹಿ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ, ಹಲವು ದಿನಗಳ ಕಾಲ ಬಂಡೆಯ ಮೇಲೆಯೇ ಉಳಿದು ಏರಬೇಕಾದ 'ಬಿಗ್ ವಾಲ್' ಶಿಲಾರೋಹಣದ ಪ್ರವರ್ತಕರಲ್ಲಿ ಅವರು ಪ್ರಮುಖರು.

ಆರಂಭಿಕ ಜೀವನ

ಸಾಲಾಥೆ ಸ್ವಿಟ್ಜರ್ಲೆಂಡ್‌ನಲ್ಲಿ ಜನಿಸಿ ಕಮ್ಮಾರಿಕೆಯನ್ನು ಕಲಿತರು. ಕೆನಡಾಕ್ಕೆ ವಲಸೆ ಹೋದ ಅವರು ಅಲ್ಲಿಂದ ಅಮೆರಿಕಕ್ಕೆ ಬಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದಲ್ಲಿ ಕಬ್ಬಿಣದ ಕೆಲಸದ ಕಾರ್ಖಾನೆ ನಡೆಸಿದರು. ಸಿಯೆರಾ ಕ್ಲಬ್‌ನ ಸದಸ್ಯರೊಂದಿಗೆ ಶಿಲಾರೋಹಣ ಆರಂಭಿಸಿದಾಗ ಅವರಿಗೆ 45 ವರ್ಷ ದಾಟಿತ್ತು.

ಉಕ್ಕಿನ ಪಿಟಾನ್

ಬಂಡೆಯ ಬಿರುಕಿಗೆ ಬಡಿದು ಹಗ್ಗಕ್ಕೆ ಆಧಾರ ಮಾಡಿಕೊಳ್ಳುವ ಲೋಹದ ಗೂಟಕ್ಕೆ ಪಿಟಾನ್ ಎಂದು ಹೆಸರು. ಯುರೋಪಿನ ಪಿಟಾನ್‌ಗಳು ಮೆದು ಕಬ್ಬಿಣದವಾಗಿದ್ದು, ಯೊಸೆಮಿಟಿಯ ಗಟ್ಟಿ ಗ್ರಾನೈಟ್‌ನಲ್ಲಿ ಬಾಗುತ್ತಿದ್ದವು. ಮತ್ತೆ ಮತ್ತೆ ಬಳಸಲು ಬರುತ್ತಿರಲಿಲ್ಲ. ಎತ್ತರದ ಗೋಡೆಗೆ ಬೇಕಾಗುವಷ್ಟು ಗೂಟಗಳನ್ನು ಹೊತ್ತೊಯ್ಯುವುದೂ ಅಸಾಧ್ಯವಾಗಿತ್ತು. ಸಾಲಾಥೆ ತಮ್ಮ ಕುಲುಮೆಯಲ್ಲಿ ಗಟ್ಟಿ ಮಿಶ್ರಲೋಹದ ಉಕ್ಕಿನಿಂದ ಪಿಟಾನ್‌ಗಳನ್ನು ತಯಾರಿಸಿದರು. ಇವನ್ನು ಕಿತ್ತು ಪುನಃ ಬಳಸಬಹುದಾದ್ದರಿಂದ ದೀರ್ಘ ಆರೋಹಣಗಳು ಸಾಧ್ಯವಾದವು.

ಪ್ರಮುಖ ಆರೋಹಣಗಳು

1946ರಲ್ಲಿ ಸಾಲಾಥೆ ಮತ್ತು ಆಂಟನ್ ನೆಲ್ಸನ್ ಹಾಫ್ ಡೋಮ್‌ನ ನೈಋತ್ಯ ಮುಖವನ್ನು ಮೊದಲ ಬಾರಿಗೆ ಏರಿದರು. ಅದೇ ವರ್ಷ ಯೊಸೆಮಿಟಿ ಜಲಪಾತದ ಬಳಿಯ ಲಾಸ್ಟ್ ಆ್ಯರೋ ಎಂಬ ಕಲ್ಲಿನ ಕಂಬದ ತುದಿಯ ಸಮೀಪದವರೆಗೆ ಹೋಗಿ ಸಾಲಾಥೆ ಹಿಂದಿರುಗಬೇಕಾಯಿತು. ಬಳಿಕ ನೆಲ್ಸನ್ ಇದ್ದ ಮತ್ತೊಂದು ತಂಡ, ಪಕ್ಕದ ಪ್ರಪಾತದ ಅಂಚಿನಿಂದ ತುದಿಯ ಮೇಲೆ ಹಗ್ಗ ಎಸೆದು ಅದನ್ನು ತಲುಪಿತು. 1947ರಲ್ಲಿ ಸಾಲಾಥೆ ಮತ್ತು ನೆಲ್ಸನ್ ಅದೇ ಕಂಬವನ್ನು ಬುಡದಿಂದಲೇ 5 ದಿನಗಳಲ್ಲಿ ಏರಿದರು. ಅಮೆರಿಕದಲ್ಲಿ ಅಲ್ಲಿಯವರೆಗೆ ನಡೆದಿದ್ದ ಅತ್ಯಂತ ಕಠಿಣ ಶಿಲಾರೋಹಣಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ. 1950ರಲ್ಲಿ, 51ನೆಯ ವಯಸ್ಸಿನಲ್ಲಿ, ಯುವ ಆರೋಹಿ ಆ್ಯಲನ್ ಸ್ಟೆಕ್ ಜೊತೆಗೂಡಿ ಸೆಂಟಿನೆಲ್ ಬಂಡೆಯ ಉತ್ತರ ಮುಖವನ್ನು ಸುಡು ಬೇಸಿಗೆಯಲ್ಲಿ, ಅತ್ಯಲ್ಪ ನೀರಿನೊಂದಿಗೆ, ನಾಲ್ಕೂವರೆ ದಿನಗಳಲ್ಲಿ ಏರಿದರು. ಈ ಮಾರ್ಗಕ್ಕೆ ಇಬ್ಬರ ಹೆಸರೂ ಉಳಿದಿದೆ.

ನಂತರದ ಜೀವನ

ಸಾಲಾಥೆ ಕಟ್ಟಾ ಸಸ್ಯಾಹಾರಿಯಾಗಿದ್ದು, ದೇವದೂತರು ತಮ್ಮೊಂದಿಗೆ ಮಾತನಾಡುತ್ತಾರೆಂದು ನಂಬಿದ್ದರು. 1950ರ ದಶಕದಲ್ಲಿ ಮಾನಸಿಕ ಸಂಕಷ್ಟದ ನಡುವೆ ಕುಟುಂಬದಿಂದ ದೂರವಾಗಿ ಸ್ವಿಟ್ಜರ್ಲೆಂಡ್‌ಗೆ ತೆರಳಿದರು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಮರಳಿ, ವ್ಯಾನೊಂದರಲ್ಲಿ ವಾಸಿಸುತ್ತ ಸರಳವಾಗಿ ಬದುಕಿದರು. 1992ರಲ್ಲಿ ನಿಧನರಾದರು.

ಪ್ರಭಾವ

1950ರ ದಶಕದ ಕೊನೆಯಲ್ಲಿ ಇವೋನ್ ಶೂನಾರ್ಡ್ ತಯಾರಿಸಿದ ಉಕ್ಕಿನ ಪಿಟಾನ್‌ಗಳಿಗೆ ಸಾಲಾಥೆಯವರ ವಿನ್ಯಾಸವೇ ಮಾದರಿಯಾಯಿತು. ಎಲ್ ಕ್ಯಾಪಿಟನ್ ಬಂಡೆಯಲ್ಲಿ ರಾಯಲ್ ರಾಬಿನ್ಸ್, ಚಕ್ ಪ್ರ್ಯಾಟ್ ಮತ್ತು ಟಾಮ್ ಫ್ರಾಸ್ಟ್ 1961ರಲ್ಲಿ ಏರಿದ ಮಾರ್ಗಕ್ಕೆ 'ಸಾಲಾಥೆ ವಾಲ್' ಎಂದು ಹೆಸರಿಡಲಾಗಿದೆ. ಆ ಮಾರ್ಗವನ್ನು ಸಾಲಾಥೆ ಸ್ವತಃ ಎಂದೂ ಏರಿರಲಿಲ್ಲ.